ಕೆಟ್ಟುದೆಲ್ಲಿ?

ಸಂಜೆಯ ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಡೆದಾಡಿದವರಿಗೆ ಅಲ್ಲಿಯ ಗದ್ದಲವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಒಂದು ಕಾಲಕ್ಕೆ ದುರ್ಗದ ಮುಂದಿನ ಬಯಲಾಗಿದ್ದ ಆ ಸ್ಥಳದಲ್ಲಿ ಈಗ ಬಯಲೆಂಬುದು ಹೆಸರಿಗೆ ಮಾತ್ರ. ಗಿರ್ಮಿಟ್ಟು-ಮಿರ್ಚಿಯ ಗಾಡಿಗಳು, ಬಟ್ಟೆಯ ರಾಶಿಗಳು, ಬಳೆ-ಬಾಂಡೆಗಳ ಅಂಗಡಿಗಳು, ಇವುಗಳ ನಡುವೆ ಕಾಲಿಡುವುದಕ್ಕೆ ಜಾಗವನ್ನು ಹುಡುಕಿಕೊಳ್ಳಬೇಕು. ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ದಿನ, ಅಲ್ಲಿಂದ ಕವಲೊಡೆದ ಓಣಿಯೊಂದರ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವುದನ್ನು ಕಂಡೆವು. ಮುಖ ಬಾಡಿತ್ತು.

"ಏನಪಾ, ಏನಾತು?" ಎಂದೆವು.

"ಬೋರ್ಡ್ ಹೋಗೇತಂತ್ರಿ ಸರ. ಹೊಸಾದು ಹಾಕಾಕ ಒಂಬತ್ತು ಸಾವಿರ ಬೇಕಂತ್ರಿ."

ಹುಡುಗನ ಕಥೆ ಹೀಗಿತ್ತು. ಅವನ ತಾಯಿ ಖಡಕ್ ರೊಟ್ಟಿ ಮಾಡಿ ಮಾರುವವಳು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸವನ್ನು ಅವನು ರಾತ್ರಿ ಮನೆಯಲ್ಲಿ ಕುಳಿತು ಮಾಡುತ್ತ ತನ್ನ ಶುಲ್ಕವನ್ನು ತಾನೇ ಗಳಿಸುತ್ತಿದ್ದನು. ಕೆಲಸ ಬೇಗ ಸಾಗಲೆಂದು ತಾಯಿ ಕೊಟ್ಟ ಆರೂವರೆ ಸಾವಿರ ರೂಪಾಯಿಗೆ ಒಬ್ಬರಿಂದ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡನು, ಮನೆಯಲ್ಲಿ ತಾನೇ ಕೂಡಿಸಿದನು, ಗುಂಡಿಯನ್ನೊತ್ತಿದನು. ಪಂಖಗಳು ತಿರುಗಿದುವು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಅಂಗಡಿಯವರು ಎರಡು ನಿಮಿಷ ನೋಡಿ ತೀರ್ಪು ಹೇಳಿದ್ದರು. ಅವರೂ ಕೆಟ್ಟ ಮನುಷ್ಯರಲ್ಲ. ಅವರ ಮುಂದೆ ಹತ್ತು ಜನ ಕಾದು ನಿಂತಿದ್ದರು.

ಈ ಚಿಕ್ಕ ಪ್ರಸಂಗವನ್ನು ವಾಚಕರ ಮುಂದೆ ಇಡುವುದಕ್ಕೆ ನಮಗೆ ಎರಡು ಕಾರಣಗಳುಂಟು. ಯಂತ್ರವನ್ನು ಸರಿಪಡಿಸುವುದೆಂದರೆ ಒಂದು ಭಾಗವನ್ನು ತೆಗೆದು ಇನ್ನೊಂದನ್ನು ಹಾಕುವುದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ; ಅದು ಬಡವರಿಗೆ ತುಟ್ಟಿಯಾದ ನಂಬಿಕೆ. ಎರಡನೆಯದಾಗಿ, ಆ ನಂಬಿಕೆಗೆ ಅಂಗಡಿಯವರಿಗಿಂತ ನಮ್ಮಂಥ ವಿಜ್ಞಾನದ ಅಧ್ಯಾಪಕರೇ ಹೆಚ್ಚು ಹೊಣೆಗಾರರೆಂದು ನಮಗೆ ತೋರುತ್ತದೆ. ನಾವೇ ಅಂದು ಎಡವಿದುದನ್ನು ಮುಂದೆ ಹೇಳುತ್ತೇವೆ.

ಮೊದಲು, ಗುಂಡಿಯನ್ನೊತ್ತಿದ ಕ್ಷಣದಲ್ಲಿ ಪೆಟ್ಟಿಗೆಯೊಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಎಸ್.ಎಂ.ಪಿ.ಎಸ್. ಎಂದು ಅಂಗಡಿಗಳಲ್ಲಿ ಕರೆಯುವ ಲೋಹದ ಡಬ್ಬಿಯು ಗೋಡೆಯ ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ೧೨, ೫ ಹಾಗೂ ೩.೩ ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಈ ವೋಲ್ಟುಗಳು ಸ್ಥಿರವಾದುವೆಂದು ಅದು ಬೋರ್ಡಿಗೆ ಸಂಕೇತ ಕೊಟ್ಟ ಮೇಲೆಯೇ ಪ್ರೊಸೆಸರು ಎಚ್ಚರಗೊಂಡು, ಬೋರ್ಡಿನ ಮೇಲಿನ ಚಿಪ್ಪೊಂದರಲ್ಲಿ ಬರೆದಿಟ್ಟ ಚಿಕ್ಕ ಪ್ರೋಗ್ರಾಮನ್ನು ಓದತೊಡಗುತ್ತದೆ. ಆ ಪ್ರೋಗ್ರಾಮು ಸ್ಮೃತಿಯನ್ನು ಪರೀಕ್ಷಿಸುತ್ತದೆ. ಆಮೇಲೆ ಚಿತ್ರವನ್ನು ಕೊಡುವವರು ಯಾರಿದ್ದಾರೆಂದು ಹುಡುಕುತ್ತದೆ. ಗ್ರಾಫಿಕ್ಸ್ ಕಾರ್ಡು ಸಿಕ್ಕಿದರೆ, ಆ ಕಾರ್ಡಿನ ಮೇಲೆಯೇ ಇರುವ ಇನ್ನೊಂದು ಚಿಪ್ಪಿನಿಂದ ಮತ್ತೊಂದು ಪ್ರೋಗ್ರಾಮನ್ನು ತಂದು ನಡೆಯಿಸುತ್ತದೆ. ಪರದೆಯ ಮೇಲೆ ಮೊದಲನೆಯ ಅಕ್ಷರ ಮೂಡುವುದು ಇಷ್ಟೆಲ್ಲ ಆದ ಮೇಲೆ. ಆದುದರಿಂದ ಪರದೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಯಂತ್ರ ಸತ್ತಿದೆ ಎಂದಾಗುವುದಿಲ್ಲ. ಅದು ಇನ್ನೂ ಬಾಯಿ ತೆರೆದಿಲ್ಲ, ಅಷ್ಟೆ. ಅನೇಕ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ಸ್ಮೃತಿಗೊಂದು, ಚಿತ್ರಕ್ಕೊಂದು, ಡಿಸ್ಕಿಗೊಂದು. ಯಾವುದು ಹೊತ್ತಿಕೊಂಡೇ ನಿಲ್ಲುವುದೋ ಅಲ್ಲಿ ಪಯಣ ತಡೆದಿದೆ ಎಂದರ್ಥ. ಹಳೆಯ ಬೋರ್ಡುಗಳಲ್ಲಿ ದೀಪದ ಬದಲು ಪೀಪಿಯ ಸದ್ದು. ೧೯೮೧ರ ಐ.ಬಿ.ಎಂ. ಪಿ.ಸಿ.ಯಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಸದ್ದುಗಳಿಗೆ ಚಿತ್ರದ ಕಾರ್ಡಿನಲ್ಲಿ ತೊಂದರೆ ಎಂಬ ಅರ್ಥವಿತ್ತು. ಆ ರೂಢಿ ಬಹುಕಾಲ ಉಳಿದು ಬಂದಿತು.

ಹುಡುಗನ ಯಂತ್ರದಲ್ಲಿ ಮೂರನೆಯ ದೀಪ ಹೊತ್ತಿಕೊಂಡು ನಿಂತಿತ್ತು. ಪೆಟ್ಟಿಗೆಯ ಮುಚ್ಚಳದ ಮರೆಯಲ್ಲಿದ್ದುದರಿಂದ ಅದನ್ನು ಯಾರೂ ನೋಡಿರಲಿಲ್ಲ.

ಪೆಟ್ಟಿಗೆಯನ್ನು ನಮ್ಮ ಮನೆಗೆ ತರಿಸಿದೆವು. ಪ್ಲಗ್ಗನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಇಳಿದುಹೋಗಲೆಂದು ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಹೊರತೆಗೆದೆವು. ನಮ್ಮ ಊರಿನ ಫಾಲ್ಗುಣದ ಒಣ ಗಾಳಿಯಲ್ಲಿ ಈ ಎಚ್ಚರ ಬೇಕು. ಬೆರಳಿಗೆ ಚುರುಕ್ಕೆನ್ನಬೇಕಾದರೆ ಸುಮಾರು ಮೂರು ಸಾವಿರ ವೋಲ್ಟು ಆಗಬೇಕು. ಚಿಪ್ಪು ಕೆಡುವುದಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು. ಇನ್ನೊಂದು ಮಾತು: ಏನೇ ಆದರೂ ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ೨೩೦ ವೋಲ್ಟೆಂಬುದು ಸರಾಸರಿಯ ಒಂದು ಬಗೆ. ಅಲೆಯ ಶಿಖರ ೩೨೫ ವೋಲ್ಟಿನಷ್ಟು. ಒಳಗಿನ ಕೆಪ್ಯಾಸಿಟರುಗಳು ಆ ಮಟ್ಟವನ್ನು ಹಿಡಿದುಕೊಂಡು ಕುಳಿತಿರುತ್ತವೆ. ಪ್ಲಗ್ಗು ಕಿತ್ತೊಡನೆ ಅವು ಬರಿದಾಗುವುದಿಲ್ಲ.

ಕಾರ್ಡನ್ನು ತೆಗೆದು, ಮಾನಿಟರಿನ ಕೇಬಲನ್ನು ಬೋರ್ಡಿನ ಸ್ವಂತ ಕಿಂಡಿಗೆ ಸಿಕ್ಕಿಸಿ ಗುಂಡಿಯನ್ನೊತ್ತಿದೆವು. ಚಿತ್ರ ಬಂದಿತು! ಹುಡುಗನ ಮುಖದಲ್ಲಿ ಜೀವ ಬಂದಿತು. ಒಂಬತ್ತು ಸಾವಿರದ ತೀರ್ಪು ಎರಡು ನಿಮಿಷದಲ್ಲಿ ಬಿದ್ದುಹೋಯಿತು. (ಕೇಬಲಿನ ವಿಷಯ ಬಂದುದರಿಂದ ಹೇಳುತ್ತೇವೆ: ಹೊಸ ಕಾರ್ಡು ಹಾಕಿದ ಮೇಲೂ ಕೇಬಲನ್ನು ಹಳೆಯ ಕಿಂಡಿಯಲ್ಲಿಯೇ ಬಿಟ್ಟು ಕಾರ್ಡು ಕೆಟ್ಟಿದೆ ಎಂದು ಅಂಗಡಿಗೆ ಓಡುವವರು ಕಡಿಮೆಯೇನಿಲ್ಲ. ನಮ್ಮ ಹುಡುಗನು ಆ ತಪ್ಪನ್ನು ಮಾಡಿರಲಿಲ್ಲ.)

ಹಾಗಾದರೆ ಕಾರ್ಡು ಕೆಟ್ಟಿರಬೇಕು. ವಿದ್ಯಾನಗರದಲ್ಲಿರುವ ನಮ್ಮ ಸ್ನೇಹಿತರ ಮನೆಗೆ ಕಾರ್ಡನ್ನು ಒಯ್ದೆವು. ಅವರ ಹಳೆಯ ಯಂತ್ರದಲ್ಲಿ ಅದು ನಿರಾತಂಕವಾಗಿ ಚಿತ್ರ ಕೊಟ್ಟಿತು. ಹಾಗಾದರೆ ಹುಡುಗನ ಬೋರ್ಡಿನಲ್ಲಿ ಕಾರ್ಡು ಕೂಡುವ ಗಾಡಿಯೇ ಕೆಟ್ಟಿರಬೇಕು. ಸ್ನೇಹಿತರಲ್ಲಿದ್ದ ಪುಟ್ಟ ಕಾರ್ಡೊಂದನ್ನು ಎರವಲು ತಂದು ಅದೇ ಗಾಡಿಯಲ್ಲಿ ಕೂಡಿಸಿದೆವು. ಅದೂ ಚಿತ್ರ ಕೊಟ್ಟಿತು.

ಬೋರ್ಡು ಸರಿ, ಕಾರ್ಡು ಸರಿ, ಗಾಡಿಯೂ ಸರಿ. ಮೂರೂ ಕೂಡಿದಾಗ ಮಾತ್ರ ಕತ್ತಲೆ. ಭಾಗಗಳನ್ನು ಬದಲಿಸಿ ಬದಲಿಸಿ ರಿಪೇರಿ ಮಾಡುವವರ ಪದ್ಧತಿ ಮುಗ್ಗರಿಸುವುದು ಇಂಥ ಕಡೆಯಲ್ಲಿಯೇ. ದೋಷವು ಒಂದು ವಸ್ತುವಿನಲ್ಲಿಯೇ ಇರಬೇಕೆಂದು ಅವರು ಹಿಡಿದಿರುತ್ತಾರೆ. ಅದು ಎರಡು ವಸ್ತುಗಳ ಸಂಬಂಧದಲ್ಲಿಯೂ ಇರಬಹುದು. ಬೀಗವೂ ಸರಿಯಿದ್ದು ಕೀಲಿಕೈಯೂ ಸರಿಯಿದ್ದು ಬಾಗಿಲು ತೆರೆಯದಿರುವುದುಂಟಷ್ಟೆ.

ಇಲ್ಲಿ ನಮ್ಮ ತಪ್ಪು ಬಂದಿತು. ಚಿಕ್ಕ ಕಾರ್ಡು ನಡೆಯುತ್ತದೆ, ದೊಡ್ಡದು ನಡೆಯುವುದಿಲ್ಲ. ಎಂದ ಮೇಲೆ ಕೊರತೆ ವಿದ್ಯುಚ್ಛಕ್ತಿಯದೇ ಎಂದು ನಾವು ನಿಶ್ಚಯಿಸಿದೆವು. ಭೌತಶಾಸ್ತ್ರದ ಅಧ್ಯಾಪಕನಿಗೆ ಇದಕ್ಕಿಂತ ರುಚಿಯಾದ ಕಾರಣ ಬೇರೊಂದಿಲ್ಲ, ಏಕೆಂದರೆ ಇದರಲ್ಲಿ ಲೆಕ್ಕವಿದೆ. ಪಿ.ಸಿ.ಐ. ಎಕ್ಸ್‌ಪ್ರೆಸ್ ಗಾಡಿಯು ತಾನಾಗಿ ಕೊಡಬಲ್ಲುದು ಹೆಚ್ಚೆಂದರೆ ೭೫ ವ್ಯಾಟು. ಅದಕ್ಕೂ ಮಿಕ್ಕು ಬೇಕಾದರೆ ಕಾರ್ಡಿನ ನೆತ್ತಿಯಲ್ಲಿ ಬೇರೆ ಕಿಂಡಿ: ಆರು ಮೊಳೆಯದಾದರೆ ಇನ್ನೊಂದು ೭೫, ಎಂಟು ಮೊಳೆಯದಾದರೆ ೧೫೦ ವ್ಯಾಟು. ಹುಡುಗನದು ೨೦೧೭ರ ಮಾದರಿ. ಪೂರ್ಣ ದುಡಿಮೆಯಲ್ಲಿ ೧೮೫ ವ್ಯಾಟು ಬೇಡುವಂಥದು. ಪ್ರೊಸೆಸರಿಗೆ ೬೫ ಹಿಡಿಯೋಣ, ಒಟ್ಟು ೨೫೦. ಎಸ್.ಎಂ.ಪಿ.ಎಸ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ೪೫೦ ವ್ಯಾಟು ಎಂದಿತ್ತು. ಆದರೆ ಕೆಳಗಿನ ಕೋಷ್ಟಕದ ಸಣ್ಣಕ್ಷರವನ್ನು ಓದಿದರೆ ೧೨ ವೋಲ್ಟಿನ ಸಾಲಿಗೆ ೧೮ ಆಂಪಿಯರು. ೧೨ನ್ನು ೧೮ರಿಂದ ಗುಣಿಸಿದರೆ ೨೧೬. ಪ್ರೊಸೆಸರು, ಕಾರ್ಡು ಎರಡೂ ಬಹುಮಟ್ಟಿಗೆ ಈ ಒಂದು ಸಾಲನ್ನೇ ನೆಚ್ಚಿರುವುದರಿಂದ ಉಳಿದ ಸಾಲುಗಳ ವ್ಯಾಟು ಎಷ್ಟಿದ್ದರೂ ಅವುಗಳಿಗೆ ಪ್ರಯೋಜನವಿಲ್ಲ. ದಪ್ಪಕ್ಷರವನ್ನು ನಂಬಿ ಕೊಳ್ಳುವವರು ಈ ಗುಣಾಕಾರವನ್ನು ಅಂಗಡಿಯಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೂರೈವತ್ತು ಬೇಕು, ಇನ್ನೂರಹದಿನಾರು ಇದೆ! ಲೆಕ್ಕ ನಮ್ಮನ್ನು ಮರುಳುಮಾಡಿತು. ಹೊಸ ಎಸ್.ಎಂ.ಪಿ.ಎಸ್. ಕೊಳ್ಳೆಂದು ಹುಡುಗನಿಗೆ ಹೇಳಿದೆವು. ಅವನು ಎಲ್ಲಿಂದಲೋ ಸಾಲ ತಂದು ಮೂರು ಸಾವಿರದ ನಾನೂರು ರೂಪಾಯಿ ಕೊಟ್ಟು ಕೊಂಡನು. ಕೂಡಿಸಿದೆವು. ಗುಂಡಿಯನ್ನೊತ್ತಿದೆವು. ಕತ್ತಲೆ.

ಹುಡುಗನು ಏನೂ ಅನ್ನಲಿಲ್ಲ. ನಾವೂ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವು. ಹಳೆಯ ಎಸ್.ಎಂ.ಪಿ.ಎಸ್. ಅನ್ನೇ ಮತ್ತೆ ಕೂಡಿಸಿ, ಖಾಲಿಯಿದ್ದ ಒಂದು ಜೋಡಣೆಯ ಹಳದಿ-ಕಪ್ಪು ತಂತಿಗಳಿಗೆ ಮಲ್ಟಿಮೀಟರನ್ನು ಹಿಡಿದೆವು. ಪರದೆ ಕಪ್ಪಾಗಿದ್ದಾಗ ಅದು ತೋರಿಸಿದುದು ೧೧.೯ ವೋಲ್ಟು. ಶೇಕಡಾ ಐದರಷ್ಟು ಏರಿಳಿತಕ್ಕೆ ನಿಯಮದಲ್ಲಿಯೇ ಎಡೆಯುಂಟು, ಎಂದರೆ ೧೧.೪ಕ್ಕಿಂತ ಕೆಳಗಿಳಿದರೆ ಮಾತ್ರ ದೂರು. ಅದೂ ಅಲ್ಲದೆ, ಮೊದಲನೆಯ ಅಕ್ಷರವನ್ನೂ ಬರೆಯದ ಕಾರ್ಡು ೧೮೫ ವ್ಯಾಟನ್ನು ಏಕೆ ಎಳೆದೀತು? ವಿದ್ಯುತ್ತಿನ ಕೊರತೆಯಾದರೆ ಲಕ್ಷಣ ಬೇರೆ: ಯಂತ್ರ ಶುರುವಾಗುತ್ತದೆ, ಚಿತ್ರ ಬರುತ್ತದೆ, ಭಾರಿ ಕೆಲಸ ಹೇರಿದೊಡನೆ ತಟ್ಟನೆ ಆರಿಹೋಗುತ್ತದೆ, ಇಲ್ಲವೆ ಗುಂಡಿಯನ್ನೊತ್ತಿದೊಡನೆ ಪಂಖ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ನಮ್ಮ ಕಣ್ಣೆದುರಿನ ಯಂತ್ರ ಇವೆರಡನ್ನೂ ಮಾಡಿರಲಿಲ್ಲ. ಹೊಸ ಎಸ್.ಎಂ.ಪಿ.ಎಸ್. ಹೇಗೂ ಬೇಕಾಗಿತ್ತೆಂಬುದು ನಿಜ. ವಿಡಿಯೋ ಕೆಲಸ ಹೆಚ್ಚಿದ ದಿನ ಹಳೆಯದು ಕೈಕೊಡುತ್ತಿತ್ತು. ನಮ್ಮ ಸಲಹೆ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಉತ್ತರಪತ್ರಿಕೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಇನ್ನು ಉಳಿದುದು ಒಂದೇ ಪ್ರಶ್ನೆ: ಈ ಕಾರ್ಡು ನಡೆದ ಯಂತ್ರಕ್ಕೂ ನಡೆಯದ ಯಂತ್ರಕ್ಕೂ ಭೇದವೇನು? ಎರಡರ ಪ್ರಾರಂಭದ ವ್ಯವಸ್ಥೆಯ ಪುಟಗಳನ್ನು ತೆರೆದು ಪಕ್ಕಪಕ್ಕದಲ್ಲಿ ಬರೆದುಕೊಂಡೆವು. ಸ್ನೇಹಿತರದು ಬಯೋಸ್ ಎಂಬ ಹಳೆಯ ಸಂಪ್ರದಾಯದ ಯಂತ್ರ. ಕಾರ್ಡು ಕೊಟ್ಟ ಪ್ರೋಗ್ರಾಮನ್ನು ಅದು ಪ್ರಶ್ನಿಸದೆ ನಡೆಯಿಸುತ್ತದೆ. ಹುಡುಗನದು ಯು.ಇ.ಎಫ್.ಐ. ಎಂಬ ಹೊಸ ಸಂಪ್ರದಾಯದ್ದು. ಅದರಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲೂ ಇದ್ದಿತು. ನಂಬಲರ್ಹವಾದ ಅಂಕೀಯ ಸಹಿ ಇರುವ ಪ್ರೋಗ್ರಾಮನ್ನು ಮಾತ್ರ ಆ ಕಾವಲು ಒಳಗೆ ಬಿಡುತ್ತದೆ. ಪ್ರೋಗ್ರಾಮಿನ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಹಾಗಾದರೆ ಈ ಕಾರ್ಡಿನ ಪ್ರೋಗ್ರಾಮನ್ನು ಯಾರಾದರೂ ತಿದ್ದಿರಬಹುದೆ?

ತಿದ್ದಿರಬಹುದು. ೨೦೧೭ರ ಸುಮಾರಿನಿಂದ ಇಂಥ ಕಾರ್ಡುಗಳನ್ನು ಸಾಲುಸಾಲಾಗಿ ಕಟ್ಟಿ, ಗುಪ್ತನಾಣ್ಯಗಳ ಲೆಕ್ಕ ಮಾಡಿಸಿ ಹಣ ಗಳಿಸುವ ಉದ್ಯಮ ಜಗತ್ತಿನ ಎಲ್ಲೆಡೆಯೂ ನಡೆಯಿತು. ಲೆಕ್ಕ ವೇಗವಾಗಿ ಸಾಗಲೆಂದೂ ವಿದ್ಯುತ್ತು ಕಡಿಮೆ ಹಿಡಿಯಲೆಂದೂ ಆ ಜನ ಕಾರ್ಡಿನ ಚಿಪ್ಪಿನಲ್ಲಿದ್ದ ಪ್ರೋಗ್ರಾಮನ್ನು ತಿದ್ದುತ್ತಿದ್ದರು. ೨೦೨೨ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ನಾಣ್ಯವು ತನ್ನ ಪದ್ಧತಿಯನ್ನು ಬದಲಿಸಿ ಈ ಲೆಕ್ಕವೇ ಬೇಡವೆಂದಿತು. ದುಡಿದು ದಣಿದ ಕಾರ್ಡುಗಳು ಅಗ್ಗದ ಬೆಲೆಗೆ ಸಂತೆಗೆ ಬಂದುವು. ಅವುಗಳಲ್ಲೊಂದು ಕೈಯಿಂದ ಕೈಗೆ ದಾಟಿ ದುರ್ಗದಬೈಲಿನವರೆಗೆ ಬಂದಿರಬೇಕು. ತಯಾರಕರ ದೋಷ ಇಲ್ಲಿ ಏನೂ ಇಲ್ಲ.

ಊಹೆ ಇಷ್ಟಾಯಿತು. ಈ ಸಲ ಹಣ ಖರ್ಚು ಮಾಡದೆ ಅದನ್ನು ಪರೀಕ್ಷೆಗೆ ಒಡ್ಡಿದೆವು. ಕಾರ್ಡನ್ನು ತೆಗೆದು, ವ್ಯವಸ್ಥೆಯ ಪುಟದಲ್ಲಿ ಕಾವಲನ್ನು ಸಡಿಲಿಸಿ ಹಳೆಯ ಸಂಪ್ರದಾಯಕ್ಕೂ ಅನುಮತಿ ಕೊಟ್ಟು, ಕಾರ್ಡನ್ನು ಮತ್ತೆ ಕೂಡಿಸಿದೆವು. ಪರದೆ ಬೆಳಗಿತು! ಹುಡುಗನು ಎದ್ದು ನಿಂತನು. ಆದರೆ ಕಾವಲನ್ನು ತೆಗೆದಿಟ್ಟು ಬದುಕುವುದು ನಮಗೆ ಒಪ್ಪಿಗೆಯಾಗಲಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡುವಾಗ ಅಂಚಿನಲ್ಲಿ ಅಕ್ಕಿಯ ಕಾಳಿನಷ್ಟು ದೊಡ್ಡ ಗುಂಡಿಯೊಂದು ಕಂಡಿತು. ಕೆಲವು ಕಾರ್ಡುಗಳಲ್ಲಿ ಎರಡು ಪ್ರೋಗ್ರಾಮುಗಳಿದ್ದು, ಯಾವುದು ಬೇಕೆಂಬುದನ್ನು ಇಂಥ ಗುಂಡಿಯಿಂದ ಆರಿಸಿಕೊಳ್ಳುವಂತಿರುತ್ತದೆ. ವಿದ್ಯುತ್ತನ್ನು ಕಳೆದು, ಗುಂಡಿಯನ್ನು ಸೂಜಿಯ ಮೊನೆಯಿಂದ ಆಚೆಗೆ ಸರಿಸಿದೆವು. ಕಾವಲನ್ನು ಮೊದಲಿನಂತೆ ನಿಲ್ಲಿಸಿದೆವು. ಚಿತ್ರ ಬಂದಿತು. ಗುಂಡಿಯನ್ನು ಈಚೆಗೆ ಸರಿಸಿದೆವು: ಕತ್ತಲೆ. ಆಚೆಗೆ: ಚಿತ್ರ. ತಿದ್ದಿದವನು ಒಂದು ಪ್ರೋಗ್ರಾಮನ್ನು ತಿದ್ದಿ ಇನ್ನೊಂದನ್ನು ಮುಟ್ಟದೆ ಬಿಟ್ಟಿದ್ದನು.

ಈಚೆಗೆ ಸರಿಸಿ ಮತ್ತೆ ಕತ್ತಲೆಯನ್ನು ತಂದುದೇಕೆ ಎಂದು ಹುಡುಗನು ಕೇಳಿದನು, ಅವನಿಗೆ ಭಯವಾಗಿದ್ದಿತು. ರೋಗವನ್ನು ಬೇಕೆಂದಾಗ ಬರಿಸಿ ಬೇಕೆಂದಾಗ ಕಳೆಯಬಲ್ಲೆವಾದರೆ ಮಾತ್ರ ಕಾರಣ ನಮಗೆ ಸಿಕ್ಕಿದಂತೆ. ಇಲ್ಲವಾದರೆ, ಕಾರ್ಡನ್ನು ತೆಗೆದು ಹಾಕುವಾಗ ಮೊಳೆಗಳ ಧೂಳು ಉದುರಿ ಸರಿಯಾಯಿತೋ, ನಮ್ಮ ಊಹೆಯಿಂದ ಸರಿಯಾಯಿತೋ ಎಂಬುದನ್ನು ಯಾರು ಬಲ್ಲರು?

ಈ ವಿದ್ಯೆ ಹುಬ್ಬಳ್ಳಿ-ಧಾರವಾಡಕ್ಕೆ ಹೊಸದೇನಲ್ಲ. ೧೯೫೦ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಕವಾಟಗಳ ರೇಡಿಯೋ ಪೆಟ್ಟಿಗೆಗಳ ಆ ಕಾಲದ ರಿಪೇರಿಗಾರರಿಗೆ ಒಂದು ಉಪಾಯ ತಿಳಿದಿದ್ದಿತು. ಮೂಕವಾದ ರೇಡಿಯೋ ಬಂದರೆ ಅವರು ಧ್ವನಿ ಏರಿಸುವ ಗುಂಡಿಯ ನಡುವಿನ ತುದಿಯನ್ನು ಎಚ್ಚರಿಕೆಯಿಂದ ಮುಟ್ಟುವರು. ಗುಂಯ್ ಎಂದರೆ ಅಲ್ಲಿಂದ ಸ್ಪೀಕರಿನವರೆಗೆ ಸರಿ, ಕೆಟ್ಟುದು ಹಿಂದಿನ ಅರ್ಧದಲ್ಲಿ. ಸದ್ದಿಲ್ಲದಿದ್ದರೆ ಮುಂದಿನ ಅರ್ಧದಲ್ಲಿ. ಒಂದೇ ಮುಟ್ಟಿಗೆ ಅರ್ಧ ರೇಡಿಯೋ ಸಂದೇಹದಿಂದ ಪಾರಾಯಿತು. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಸಾಲಾಗಿ ಹದಿನಾರು ಘಟ್ಟಗಳಿರುವ ಯಂತ್ರದಲ್ಲಿ ಹೀಗೆ ನಾಲ್ಕು ಪರೀಕ್ಷೆ ಸಾಕು; ಒಂದೊಂದಾಗಿ ಬದಲಿಸುತ್ತ ಹೋದರೆ ಹದಿನೈದು ಬೇಕಾದಾವು. ಅಂದು ಬಿಡಿಭಾಗ ದುರ್ಲಭವಾಗಿತ್ತು, ಬುದ್ಧಿಯನ್ನು ಬಳಸಲೇಬೇಕಾಗಿತ್ತು. ಇಂದು ಬಿಡಿಭಾಗ ಅಂಚೆಯಲ್ಲಿ ಮನೆಗೆ ಬರುತ್ತದೆ.

೧೯೪೭ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಮಾರ್ಕ್ ೨ ಗಣಕಯಂತ್ರದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿದ್ದ ಕಥೆಯನ್ನು ವಾಚಕರು ಕೇಳಿರಬಹುದು. ನಮಗೆ ಅದರಲ್ಲಿ ಮೆಚ್ಚಿಗೆಯಾದುದು ಪತಂಗವಲ್ಲ. ಅವರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಯಾವ ಫಲಕದ ಯಾವ ರಿಲೇಯಲ್ಲಿ ಸಿಕ್ಕಿತೆಂದು ಬರೆದಿಟ್ಟುದು. ನಮ್ಮ ರಿಪೇರಿ ಅಂಗಡಿಗಳಲ್ಲಿ ಬಿಲ್ಲು ಬರೆಯುತ್ತಾರೆ, ಕೆಲವರು ಅದನ್ನೂ ಬರೆಯುವುದಿಲ್ಲ. ಏನನ್ನು ಪರೀಕ್ಷಿಸಿದೆವು, ಏನನ್ನು ಕಂಡೆವು ಎಂದು ಎರಡು ಸಾಲು ಬರೆದುಕೊಡುವ ಪದ್ಧತಿ ಬಂದರೆ ಗಿರಾಕಿಗೂ ಅನುಕೂಲ, ಅಂಗಡಿಗೂ ಹೆಸರು. ಕೇಳುವುದು ಗಿರಾಕಿಯ ಹಕ್ಕು. ಬೋರ್ಡು ಹೋಗಿದೆ ಎಂದರೆ, ಕಾರ್ಡು ತೆಗೆದು ನೋಡಿದಿರಾ ಎಂದು ಕೇಳುವುದಕ್ಕೆ ಎಂ.ಎಸ್‌ಸಿ. ಪದವಿ ಬೇಕಾಗಿಲ್ಲ.

ಇನ್ನು ನಮ್ಮ ಮನೆಯ ಮಾತು. ಇದು ಅವಳಿನಗರಗಳು ವಿದ್ಯೆಯಲ್ಲಿ ಹಿಂದುಳಿದುದರ ಫಲವೆಂದು ಯಾರೂ ಹೇಳಲಾರರು. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಧಾರವಾಡಕ್ಕೆ ೨೦೧೬ರಲ್ಲಿ ಐ.ಐ.ಟಿ. ಬಂದಿತು. ಆದರೆ ಪದವಿ ತರಗತಿಯ ಪ್ರಯೋಗಶಾಲೆಗಳಲ್ಲಿ ನಾವು ಮಾಡುತ್ತಿರುವುದೇನು? ಪೊಟೆನ್ಶಿಯೊಮೀಟರಿನ ಪ್ರಯೋಗವನ್ನೇ ತೆಗೆದುಕೊಳ್ಳಿ. ತಂತಿಯ ಎರಡು ಕೊನೆಗಳಲ್ಲಿಯೂ ಗಾಲ್ವನೋಮೀಟರಿನ ಮುಳ್ಳು ಒಂದೇ ಕಡೆಗೆ ವಾಲುತ್ತದೆ. ಕೋಶವನ್ನು ತಿರುಗುಮುರುಗಾಗಿ ಕಟ್ಟಿರಬಹುದು. ಮುಖ್ಯ ಮಂಡಲದ ಬ್ಯಾಟರಿ ಬಡವಾಗಿರಬಹುದು. ಆ ಮಂಡಲದ ತಂತಿ ಹೊದಿಕೆಯ ಒಳಗೇ ತುಂಡಾಗಿರಬಹುದು. ಮೂರಕ್ಕೂ ಲಕ್ಷಣ ಒಂದೇ. ಬೇರ್ಪಡಿಸುವ ಪರೀಕ್ಷೆಗಳು ಬೇರೆ ಬೇರೆ. ಇಡೀ ಪ್ರಯೋಗದಲ್ಲಿ ವಿದ್ಯಾರ್ಥಿ ಏನಾದರೂ ಕಲಿಯುವ ಹೊತ್ತು ಇದೇ. ಆ ಹೊತ್ತಿಗೆ ಸರಿಯಾಗಿ ಪ್ರಯೋಗಶಾಲೆಯ ಸಹಾಯಕರು ಬಂದು ತಂತಿ ಬದಲಿಸಿ ಹೋಗುತ್ತಾರೆ. ವಿದ್ಯಾರ್ಥಿ ಅಳತೆಗಳನ್ನು ಬರೆದು ಅಂಕ ಪಡೆಯುತ್ತಾನೆ. ಭಾಗ ಬದಲಿಸುವುದೇ ರಿಪೇರಿ ಎಂಬ ಪಾಠವನ್ನು ಅವನು ಕಲಿಯುವುದು ದುರ್ಗದಬೈಲಿನಲ್ಲಲ್ಲ, ನಮ್ಮಲ್ಲಿಯೇ.

ಪ್ರತಿ ಸೆಮಿಸ್ಟರಿನಲ್ಲಿ ಒಂದು ಪ್ರಯೋಗವನ್ನಾದರೂ ಬೇಕೆಂದೇ ಕೆಡಿಸಿ ಕೊಡಬೇಕೆಂಬುದು ನಮ್ಮ ಬೇಡಿಕೆ. ವಿದ್ಯಾರ್ಥಿಯು ಅದನ್ನು ಸರಿಪಡಿಸದಿದ್ದರೂ ಚಿಂತೆಯಿಲ್ಲ. ಏನನ್ನು ಶಂಕಿಸಿದೆ, ಏನನ್ನು ಅಳೆದೆ, ಅದರಿಂದ ಯಾವ ಶಂಕೆ ಬಿತ್ತು ಎಂದು ಬರೆದರೆ ಪೂರ್ತಿ ಅಂಕ ಕೊಡತಕ್ಕದ್ದು. ಮೂರು ಗಂಟೆಯಲ್ಲಿ ಇಷ್ಟು ವಿದ್ಯಾರ್ಥಿಗಳ ಪರೀಕ್ಷೆ ಮುಗಿಸುವುದು ಹೇಗೆ, ಒಬ್ಬನಿಗೆ ಸುಲಭದ ದೋಷ ಇನ್ನೊಬ್ಬನಿಗೆ ಕಠಿಣದ ದೋಷ ಬಂದರೆ ನ್ಯಾಯವೇನು ಎಂದು ನಮ್ಮ ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಮೊದಲನೆಯದಕ್ಕೆ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ; ವಾರ್ಷಿಕ ಪರೀಕ್ಷೆಯನ್ನು ಬಿಟ್ಟು ಒಳಗಿನ ಮೌಲ್ಯಮಾಪನದಲ್ಲಿ ಆರಂಭಿಸಬಹುದು. ಎರಡನೆಯದಕ್ಕೆ, ಈಗಲೂ ಚೀಟಿ ಎತ್ತಿಯೇ ಪ್ರಯೋಗ ಕೊಡುತ್ತೇವಲ್ಲ! ಅಲ್ಲಿಲ್ಲದ ನ್ಯಾಯದ ಚಿಂತೆ ಇಲ್ಲಿ ಮಾತ್ರ ಏಕೆ?

ನಮ್ಮ ತರಗತಿಯಲ್ಲಿ ಇದನ್ನು ಈ ವರ್ಷ ಆರಂಭಿಸಿದ್ದೇವೆ. ೪೫೦ ವ್ಯಾಟೆಂದು ಬರೆದ ಹಳೆಯ ಎಸ್.ಎಂ.ಪಿ.ಎಸ್. ಅನ್ನು ಹುಡುಗನು ಪ್ರಯೋಗಶಾಲೆಗೆ ಕೊಟ್ಟನು. ಡಬ್ಬಿಯ ಕೋಷ್ಟಕವನ್ನು ಓದಿ ೧೨ ವೋಲ್ಟಿನ ಸಾಲಿನ ವ್ಯಾಟು ಹೇಳುವುದೇ ನಮ್ಮಲ್ಲಿ ಮೊದಲನೆಯ ಪ್ರಶ್ನೆ. ಹೊಸದಕ್ಕೆ ಅವನು ತೆತ್ತ ಹಣದಲ್ಲಿ ಅರ್ಧವನ್ನು ನಾವು ಕೊಡಹೋದಾಗ ಅವನು ತೆಗೆದುಕೊಳ್ಳಲಿಲ್ಲ. ವಾರದ ಮೇಲೆ ಅವನ ತಾಯಿ ಎರಡು ಡಜನ್ ಖಡಕ್ ರೊಟ್ಟಿಯನ್ನೂ ಒಂದು ಡಬ್ಬಿ ಗುರೆಳ್ಳು ಹಿಂಡಿಯನ್ನೂ ಕಳುಹಿಸಿಕೊಟ್ಟಳು.